ಗಾಳಿ, ಮಳೆ, ಆಲಿಕಲ್ಲಿಗೆ ತರಕಾರಿ ಮಡಿ ಸಿದ್ಧ ಮಾಡುವುದು ಹೇಗೆ

ಮೊದಲ ಸಲ ಬಿರುಗಾಳಿ ಮಳೆ ಬರುತ್ತೆ ಅಂತ ಗೊತ್ತಾದಾಗ ಟೊಮೆಟೊ ಮಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು, ನಾಲ್ಕೂ ಮೂಲೆಯನ್ನು ಆಸರೆ ಕೋಲುಗಳಿಗೇ ಬಿಗಿದಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹಾಳೆ ಬೇಲಿಯ ಮೇಲೆ. ಅದರ ಜೊತೆಗೇ ಕೋಲು, ಕೋಲಿಗೆ ಕಟ್ಟಿದ್ದ ಐದು ಗಿಡ, ಬೇರು ಸಮೇತ. ಸುಮ್ನೆ ಬಿಟ್ಟಿದ್ದರೆ ಎರಡಾದರೂ ಉಳಿಯುತ್ತಿದ್ದವೇನೋ.

ಈಗ ಶೇಡ್ ನೆಟ್, ಅಂದರೆ ನೆರಳು ಕೊಡುವ ತೂತು ಬಲೆ ಹಾಕುತ್ತೇನೆ. ಗಾಳಿ ತೂರಿಕೊಂಡು ಹೋಗುತ್ತದೆ, ಆಲಿಕಲ್ಲಿನ ಪೆಟ್ಟು ಕಡಿಮೆಯಾಗುತ್ತದೆ. ಬಗ್ಗುವ ಪೈಪನ್ನು ಮಡಿಗೆ ಅಡ್ಡಲಾಗಿ ಬಿಲ್ಲಿನ ಹಾಗೆ ಬಗ್ಗಿಸಿ, ಎರಡೂ ತುದಿಯನ್ನು ಒಂದಡಿ ಮಣ್ಣಿಗೆ ಇಳಿಸಿ. ಮೂರಡಿಗೊಂದು ಸಾಕು. ಇವುಗಳ ಮೇಲೆ ಎಳೆದ ನೆಟ್ ಎಲೆಗೆ ತಾಗುವಂತಿರಬಾರದು. ಅಂಚಿಗೆ ಬರೀ ಕಲ್ಲು ಇಟ್ಟರೆ ಉರುಳಿಹೋಗುತ್ತದೆ. ಅಂಚನ್ನು ಉದ್ದ ಕೋಲಿಗೆ ಸುತ್ತಿ, ಆ ಕೋಲಿನ ಮೇಲೆ ಕಲ್ಲಿಡಿ. ಬಿಸಿಲು 35 ಡಿಗ್ರಿ ದಾಟಿ ಟೊಮೆಟೊ ಹೂ ಉದುರುವ ದಿನಗಳಲ್ಲೂ ಇದೇ ನೆಟ್ ಆಗುತ್ತದೆ. ಶೇ. 50ಕ್ಕಿಂತ ಜಾಸ್ತಿ ನೆರಳಿನದು ಮಾತ್ರ ಬೇಡ.

ಗಾಳಿಗಿಂತ ಜಾಸ್ತಿ ಗಿಡ ಕೊಲ್ಲುವುದು ನಿಂತ ನೀರು. ಬೇರಿಗೂ ಉಸಿರಾಡಬೇಕಲ್ವಾ? ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನೀರು ಕಾಣುತ್ತಿದ್ದರೆ ಮಡಿಯನ್ನು ಎಂಟು ಇಂಚು ಎತ್ತರಿಸಿ, ಇಳಿಜಾರಿನ ಕಡೆಗೆ ಕಾಲುವೆ ಬಿಡಿ. ಮಣ್ಣಿನ ಮೇಲೆ ಎರಡು ಮೂರು ಇಂಚು ಒಣ ಎಲೆ ಹರಡಿ, ಕಾಂಡದಿಂದ ಎರಡು ಬೆರಳು ದೂರ ಇರಲಿ. ಮಳೆಹನಿಗೆ ಸಿಡಿಯುವ ಮಣ್ಣಿನಿಂದಲೇ ಕೆಳಗಿನ ಎಲೆಗೆ ಚುಕ್ಕೆ ರೋಗ ಹತ್ತುವುದು.

ಕೋಲಿಗೆ ಗಿಡ ಕಟ್ಟುವಾಗ ದಾರವನ್ನು 8ರ ಆಕಾರದಲ್ಲಿ ಸುತ್ತಿ, ಕಾಂಡದ ಕಡೆ ಒಂದು ಬೆರಳು ಆಡುವಷ್ಟು ಸಡಿಲ ಬಿಡಿ. ಬಿಗಿ ಕಟ್ಟಿದ ಗಿಡ ದಾರದ ಹತ್ತಿರವೇ ಮುರಿಯುತ್ತದೆ. ಮೋಡ ಕಟ್ಟಿದರೆ ಬಣ್ಣ ತಿರುಗಿದ ಟೊಮೆಟೊ ಎಲ್ಲ ಕಿತ್ತುಬಿಡಿ, ಒಳಗಿಟ್ಟರೂ ಹಣ್ಣಾಗುತ್ತವೆ.

ಮಳೆ ನಿಂತ ಕೂಡಲೇ ಕತ್ತರಿ ಹಿಡಿದು ಓಡಬೇಡಿ. ಒದ್ದೆ ಎಲೆ ಮುಟ್ಟಿದರೆ ರೋಗವನ್ನು ನಾವೇ ಗಿಡದಿಂದ ಗಿಡಕ್ಕೆ ಹಂಚಿದ ಹಾಗೆ. ಒಣಗಿದ ಮೇಲೆ ಮುರಿದದ್ದನ್ನಷ್ಟೇ ಕತ್ತರಿಸಿ. ಗೊಬ್ಬರ ಹೊಸ ಚಿಗುರು ಬಂದ ಮೇಲೆಯೇ. ಆಲಿಕಲ್ಲಿಗೆ ಬರೀ ಕಡ್ಡಿಯಾಗಿದ್ದ ನನ್ನ ಬದನೆ ಗಿಡವನ್ನು ಕೀಳಲು ಮನಸ್ಸಾಗದೆ ಬಿಟ್ಟಿದ್ದೆ. ವಾರ ಕಳೆದ ಮೇಲೆ ಎಲೆ ಉದುರಿದ ಗಂಟಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಬೀನ್ಸ್ ಹಾಗಲ್ಲ. ಚಚ್ಚಿಹೋದರೆ ಕಾಯಬೇಡಿ, ಮಣ್ಣು ಹದಕ್ಕೆ ಬಂದ ದಿನವೇ ಮತ್ತೆ ಬಿತ್ತಿ. ಎರಡು ತಿಂಗಳೊಳಗೆ ಕಾಯಿ ಬಿಡುತ್ತದೆ.