ಹಳೆಯ ಕಾರಿನ ಮುಂಚಕ್ರಗಳಿಗೆ ಅಲೈನ್‌ಮೆಂಟ್ ಅಳತೆಗಳನ್ನು ಆರಿಸಿಕೊಳ್ಳುವ ಕ್ರಮ

ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಅಥವಾ ಮಾರಿಸ್ ಮೈನರ್ ಕಾರನ್ನು ಇಂದಿನ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ಕಂಪ್ಯೂಟರಿನಲ್ಲಿ ಆ ಕಾರಿನ ಮಾಹಿತಿಯೇ ಇರುವುದಿಲ್ಲ. ಇಲ್ಲವೇ ಹುಡುಗರು ಬೇರೆ ಯಾವುದೋ ಕಾರಿನ ಹೆಸರನ್ನು ಆರಿಸಿ, ಪರದೆಯ ಮೇಲೆ ಹಸಿರು ಬಣ್ಣ ಬರುವವರೆಗೆ ಟೈ ರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತಿರುಗಿಸಿ ಕಳುಹಿಸುತ್ತಾರೆ. ಆ ಹಸಿರು ಬಣ್ಣ ಹೇಳುವುದು ಬೇರೊಂದು ಕಾರಿನ ಮಿತಿಯನ್ನು. ಹಾಗೆಂದು ಕಾರಿನ ಮೂಲ ಕೈಪಿಡಿಯ ಅಂಕಿಗಳನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಕ್ರಾಸ್‌ಪ್ಲೈ ಟೈರುಗಳನ್ನೂ (ಇಂದಿನ ರೇಡಿಯಲ್‌ಗಿಂತ ಹಿಂದಿನ ಬಗೆ) ಹೊಸ ಬುಷ್‌ಗಳನ್ನೂ (ಕೀಲುಗಳಲ್ಲಿನ ರಬ್ಬರ್ ಉಂಗುರ) ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆದ್ದರಿಂದ ಅಂಕಿಗಳನ್ನು ಮಾಲೀಕನೇ ಯೋಚಿಸಿ ಆರಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದು ಅಥವಾ ಮನೆಯಂಗಳದಲ್ಲೇ ಅಳೆದು ಕೂರಿಸುವುದು ಒಳ್ಳೆಯದು.

ಅಳತೆಗೆ ಮೊದಲು

ಸವೆದ ಭಾಗಗಳ ಮೇಲೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದಾಗ ಪ್ಲೇ (ಸಡಿಲ) ಕಂಡರೆ ಅದು ಬೇರಿಂಗ್, ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ನಿಲುವಿನ ಪಿನ್), ಬಾಲ್ ಜಾಯಿಂಟ್ ಅಥವಾ ಅದರ ತುದಿಯ ಕೀಲಾದ ಟ್ರನಿಯನ್‌ನದು. ಎಡಬಲಕ್ಕೆ ಹಿಡಿದು ಅಲುಗಾಡಿಸಿದಾಗ ಮಾತ್ರ ಕಂಡರೆ ಬಹುಮಟ್ಟಿಗೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್‌ನದು. ಬ್ರೇಕ್ ಒತ್ತಿ ಹಿಡಿದಾಗಲೂ ಪ್ಲೇ ಉಳಿದಿದ್ದರೆ ಬೇರಿಂಗನ್ನು ಅನುಮಾನಿಸಬೇಕಾಗಿಲ್ಲ. ಹೆರಾಲ್ಡ್‌ನ ಕೆಳಗಿನ ಟ್ರನಿಯನ್‌ಗೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ತುಂಬಬೇಕು. ನಮ್ಮಲ್ಲಿ ಗ್ರೀಸ್ ಗನ್ ಹಿಡಿದವರು ಸಿಕ್ಕ ನಿಪ್ಪಲ್‌ಗೆಲ್ಲ ಗ್ರೀಸ್ ತುಂಬುವುದರಿಂದ, ಹಳೆಯ ಹೆರಾಲ್ಡ್ ಕೊಂಡವರು ಈ ಜಾಗವನ್ನು ಬಿಚ್ಚಿ ನೋಡುವುದೇ ಕ್ಷೇಮ. ಅಲ್ಲಿನ ಮರೆ (ಥ್ರೆಡ್) ಸವೆದು ಕಿತ್ತುಬಂದರೆ ಚಕ್ರವೇ ಮಡಚಿಕೊಳ್ಳುತ್ತದೆ.

ನಂತರ ಟೈರಿನ ಗಾಳಿಯನ್ನು ಸರಿಯಾದ ಒತ್ತಡಕ್ಕೆ ತರಬೇಕು. ಕಾರಿನ ಎಡಬಲಗಳ ಎತ್ತರವನ್ನು ನೆಲದಿಂದ ಮಡ್‌ಗಾರ್ಡ್ ಅಂಚಿಗೆ ಅಳೆಯುವುದಕ್ಕಿಂತ ಆರ್ಮ್‌ನ (ಚಕ್ರವನ್ನು ಕಾರಿಗೆ ಜೋಡಿಸುವ ತೋಳಿನ) ಒಳಪಿನ್ನಿನವರೆಗೆ ಅಳೆಯುವುದು ಉತ್ತಮ, ಏಕೆಂದರೆ ಹಳೆಯ ಕಾರಿನ ಮಡ್‌ಗಾರ್ಡ್ ಎಷ್ಟು ಬಾರಿ ಬಡಿಸಿಕೊಂಡು ಟಿಂಕರಿಂಗ್ ಆಗಿದೆಯೋ ಹೇಳಲಾಗದು. ಅಂಬಾಸಿಡರ್ ಮತ್ತು ಮೈನರ್‌ಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇದೆ. ಅದು ವರ್ಷಗಳಲ್ಲಿ ಸೋತು ಒಂದು ಬದಿ ಕುಸಿದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಒತ್ತಡದಲ್ಲಿರುವ ಟಾರ್ಷನ್ ಬಾರನ್ನು ಸಡಿಲಿಸುವುದು ಅಪಾಯದ ಕೆಲಸವಾದ್ದರಿಂದ ಅನುಭವಸ್ಥ ಮೆಕ್ಯಾನಿಕ್‌ಗೇ ಬಿಡುವುದು ಲೇಸು. ಕೆಲವು ಬ್ರಿಟಿಷ್ ಕೈಪಿಡಿಗಳು ಸೀಟಿನ ಮೇಲೆ ತೂಕವಿದ್ದಾಗಿನ ಅಳತೆಯನ್ನು ಕೊಡುತ್ತವೆ. ನಿಮ್ಮ ಕೈಪಿಡಿ ಹಾಗೆ ಹೇಳಿದ್ದರೆ ಮುಂದಿನ ಎರಡೂ ಸೀಟುಗಳ ಮೇಲೆ ಸುಮಾರು 70 ಕೆ.ಜಿ.ಯಂತೆ ಅಕ್ಕಿ ಮೂಟೆಯನ್ನೋ ಮರಳಿನ ಚೀಲವನ್ನೋ ಇಟ್ಟೇ ಅಳೆಯಬೇಕು. ಖಾಲಿ ಕಾರಿನ ಅಳತೆ ಬೇರೆಯೇ ಬರುತ್ತದೆ.

ನೆಲ ಸಮತಟ್ಟಾಗಿರುವುದು ಮುಖ್ಯ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ನಾಲ್ಕೂ ಚಕ್ರಗಳ ಜಾಗವನ್ನು ಪರೀಕ್ಷಿಸಿ, ತಗ್ಗಿರುವ ಕಡೆ ಟೈಲ್ಸ್ ಅಥವಾ ತಗಡು ಕೊಟ್ಟು ಸಮ ಮಾಡಿಕೊಳ್ಳಬಹುದು. ಮುಂಚಕ್ರಗಳ ಅಡಿಯಲ್ಲಿ ಎರಡೆರಡು ತಗಡುಗಳನ್ನು ನಡುವೆ ಗ್ರೀಸ್ ಸವರಿ ಇಟ್ಟರೆ ಚಕ್ರ ನೆಲಕ್ಕೆ ಕಚ್ಚಿಕೊಳ್ಳದೆ ಸಲೀಸಾಗಿ ಹೊರಳುತ್ತದೆ. ಜಾಕ್‌ನಿಂದ ಇಳಿಸಿದ ಮೇಲೆ ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಬಂಪರನ್ನು ಒತ್ತಿ ಬಿಟ್ಟು, ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಕೂತ ನಂತರವೇ ಅಳತೆಗೆ ಕೈ ಹಾಕಬೇಕು.

ಕ್ಯಾಸ್ಟರ್

ಮೊದಲು ನಿರ್ಧರಿಸಬೇಕಾದದ್ದು ಕ್ಯಾಸ್ಟರ್. ಬದಿಯಿಂದ ನೋಡಿದಾಗ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ಎಷ್ಟು ವಾಲಿದೆ ಎಂಬುದೇ ಈ ಕೋನ. ಅದು ಹೆಚ್ಚಿದಷ್ಟೂ ಕಾರು ನೇರವಾಗಿ ಓಡಲು ಬಯಸುತ್ತದೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮರಳುತ್ತದೆ. ಜೊತೆಗೆ ನಿಲ್ಲಿಸುವಾಗ, ತಿರುಗಿಸುವಾಗ ತೋಳಿಗೆ ಶ್ರಮವೂ ಹೆಚ್ಚುತ್ತದೆ. ಮಾರಿಸ್ ಮೈನರ್‌ನ ಮೂಲ ಅಳತೆ 3 ಡಿಗ್ರಿ, ಹೆರಾಲ್ಡ್‌ನದು ಸುಮಾರು 4 ಡಿಗ್ರಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯದು 7 ಡಿಗ್ರಿ. ರೇಡಿಯಲ್ ಟೈರು ತನ್ನಷ್ಟಕ್ಕೇ ಚಕ್ರವನ್ನು ನೇರಕ್ಕೆ ಎಳೆಯುವ ಗುಣವನ್ನು ಕ್ರಾಸ್‌ಪ್ಲೈಗಿಂತ ಹೆಚ್ಚಾಗಿ ಹೊಂದಿರುವುದರಿಂದ, ಎಂಜಿಬಿ ಮಾಲೀಕರಲ್ಲಿ ಕೆಲವರು ಮುಂದಿನ ಕ್ರಾಸ್‌ಮೆಂಬರಿಗೆ (ಅಡ್ಡ ತೊಲೆಗೆ) ಬೆಣೆಯಾಕಾರದ ತಗಡು ಕೊಟ್ಟು ಕ್ಯಾಸ್ಟರ್ ಅನ್ನು ಇಳಿಸಿಕೊಳ್ಳುತ್ತಾರೆ. ಆದರೆ ಮೈನರ್ ಅಥವಾ ಹೆರಾಲ್ಡ್‌ನ 3–4 ಡಿಗ್ರಿಯನ್ನು ಇನ್ನೂ ಇಳಿಸುವುದರಲ್ಲಿ ನನಗೆ ಅರ್ಥ ಕಾಣದು. ಪವರ್ ಸ್ಟೇರಿಂಗ್ ಇಲ್ಲದ ಕಾರಿನಲ್ಲಿ ಅದನ್ನು 5 ದಾಟಿಸುವುದರಲ್ಲಿಯೂ ಕಾಣದು. ಮೂಲ ಅಳತೆಯನ್ನು ಉಳಿಸಿಕೊಂಡು, ಎಡಬಲಗಳ ವ್ಯತ್ಯಾಸ ಅರ್ಧ ಡಿಗ್ರಿ ಮೀರದಂತೆ ನೋಡಿಕೊಳ್ಳುವುದೇ ಸಾಕು.

ಈ ಅರ್ಧ ಡಿಗ್ರಿಯನ್ನು ಬೇಕೆಂದೇ ಬಳಸಿಕೊಳ್ಳುವವರೂ ಇದ್ದಾರೆ. ನಮ್ಮ ರಸ್ತೆಗಳು ನಡುವೆ ಎತ್ತರವಾಗಿ ಅಂಚಿಗೆ ಇಳಿಜಾರಾಗಿರುವುದರಿಂದ ಎಡಬದಿಯಲ್ಲಿ ಓಡುವ ಕಾರು ಎಡಕ್ಕೇ ಸರಿಯುತ್ತದೆ. ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಕಾರು ಎಳೆಯುವುದು ಸಾಮಾನ್ಯ ನಿಯಮವಾದ್ದರಿಂದ, ಎಡಚಕ್ರಕ್ಕೆ ಬಲಕ್ಕಿಂತ ಕಾಲು ಡಿಗ್ರಿಯಷ್ಟು ಹೆಚ್ಚು ಕೊಟ್ಟರೆ ಆ ಸರಿತಕ್ಕೆ ತಡೆಯಾಗುತ್ತದೆ. ಅಮೆರಿಕದ ಪುಸ್ತಕಗಳಲ್ಲಿ ಇದೇ ಸಲಹೆ ಎಡಬಲ ಅದಲುಬದಲಾಗಿ ಇರುತ್ತದೆ, ಏಕೆಂದರೆ ಅಲ್ಲಿ ಕಾರು ಬಲಬದಿಯಲ್ಲಿ ಓಡುತ್ತದೆ. ಅದನ್ನು ಇದ್ದಂತೆಯೇ ಅನುಸರಿಸಿದರೆ ಕಾರು ಮತ್ತಷ್ಟು ಎಡಕ್ಕೆ ಎಳೆಯುತ್ತದೆ.

ಹೆರಾಲ್ಡ್‌ನಲ್ಲಿ ಕ್ಯಾಸ್ಟರ್ ಬದಲಿಸಲು ಕೆಳ ಆರ್ಮ್‌ನ ಬ್ರಾಕೆಟ್ ಮತ್ತು ಚಾಸಿ ನಡುವೆ ಶಿಮ್‌ಗಳಿವೆ (ತೆಳು ತಗಡಿನ ತುಣುಕುಗಳು). ಮುಂದಿನ ಬ್ರಾಕೆಟ್‌ನಿಂದ ಒಂದು ಶಿಮ್ ತೆಗೆದು ಹಿಂದಿನದಕ್ಕೆ ಸೇರಿಸಿದರೆ ಆರ್ಮ್‌ನ ಹೊರತುದಿ ಮುಂದಕ್ಕೆ ಸರಿದು ಕ್ಯಾಸ್ಟರ್ ಹೆಚ್ಚುತ್ತದೆ, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮೈನರ್‌ನಲ್ಲಿ ಇಂಥ ಏರ್ಪಾಡು ಇಲ್ಲ. ಅಲ್ಲಿ ಕೆಳ ಆರ್ಮ್ ಅನ್ನು ಮುಂದೆ ಹಿಂದೆ ಹೋಗದಂತೆ ಹಿಡಿದಿರುವುದು ಒಂದು ಟೈ ಬಾರ್. ಅದರ ರಬ್ಬರ್ ಬುಷ್ ಮೆತ್ತಗಾದರೆ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿದು ಕ್ಯಾಸ್ಟರ್ ಕುಸಿಯುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಕಾರು ಒಂದು ಬದಿಗೆ ಎಳೆಯುವ ದೂರಿಗೆ ಬ್ರೇಕಿನಷ್ಟೇ ಈ ಬುಷ್ ಕೂಡ ಕಾರಣವಾಗಿರಬಹುದು.

ಅಂಬಾಸಿಡರ್ ಮಾಲೀಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೆಚ್ಚು ಭಾರ ಹೊರಲೆಂದು ಹಿಂದಿನ ಪಟ್ಟಿ ಸ್ಪ್ರಿಂಗಿಗೆ ಒಂದೆರಡು ಹೆಚ್ಚುವರಿ ಪಟ್ಟಿ ಸೇರಿಸುವ ರೂಢಿ ನಮ್ಮಲ್ಲಿ ಹಳೆಯದು. ಆಗ ಕಾರಿನ ಹಿಂಭಾಗ ಏರಿ ಇಡೀ ಬಾಡಿ ಮುಂದಕ್ಕೆ ಬಾಗುತ್ತದೆ, ಅದರೊಂದಿಗೆ ಕಿಂಗ್ ಪಿನ್ನೂ ಬಾಗುತ್ತದೆ. ಅಂಬಾಸಿಡರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2,464 ಮಿ.ಮೀ. ಆದ್ದರಿಂದ ಹಿಂಭಾಗ 43 ಮಿ.ಮೀ. ಏರಿದರೆ ಕ್ಯಾಸ್ಟರ್ ಪೂರ್ತಿ 1 ಡಿಗ್ರಿ ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಅಲೆಯುತ್ತದೆ ಎಂದು ಮುಂಭಾಗವನ್ನು ಬಿಚ್ಚಿಸುವವರು ಮೊದಲು ಹಿಂದಿನ ಪಟ್ಟಿಗಳನ್ನು ಎಣಿಸುವುದು ಒಳಿತು.

ಅಳೆಯುವ ವಿಧಾನ ಹೀಗೆ: ಚಕ್ರವನ್ನು ಹೊರಕ್ಕೆ 20 ಡಿಗ್ರಿ ತಿರುಗಿಸಿ ಕ್ಯಾಂಬರ್ ಓದಿಕೊಳ್ಳಬೇಕು, ಒಳಕ್ಕೆ 20 ಡಿಗ್ರಿ ತಿರುಗಿಸಿ ಮತ್ತೆ ಓದಬೇಕು, ಎರಡರ ವ್ಯತ್ಯಾಸವನ್ನು 1.46ರಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತದೆ.

ಕ್ಯಾಂಬರ್

ಚಕ್ರದ ಮೇಲ್ತುದಿ ಹೊರಕ್ಕೆ ವಾಲಿದ್ದರೆ ಪಾಸಿಟಿವ್ ಕ್ಯಾಂಬರ್, ಒಳಕ್ಕೆ ವಾಲಿದ್ದರೆ ನೆಗೆಟಿವ್. ಮೈನರ್ ಮತ್ತು ಎಂಜಿಬಿಗಳ ಮೂಲ ಅಳತೆ 1 ಡಿಗ್ರಿ ಪಾಸಿಟಿವ್, ಹೆರಾಲ್ಡ್‌ನದು ಸುಮಾರು 2 ಡಿಗ್ರಿ ಪಾಸಿಟಿವ್. ಅಗಲ ಕಡಿಮೆಯಿದ್ದ, ಅಡ್ಡಮೈ ದುಂಡಗಿದ್ದ ಕ್ರಾಸ್‌ಪ್ಲೈ ಟೈರಿಗೆ ಅದು ಹೊಂದುತ್ತಿತ್ತು, ಸ್ಟೇರಿಂಗ್ ಹಗುರವಾಗಿಸಲೂ ನೆರವಾಗುತ್ತಿತ್ತು. ರೇಡಿಯಲ್ ಟೈರಿನ ಮೈ ಚಪ್ಪಟೆಯಾಗಿರುವುದರಿಂದ ಅಷ್ಟು ಪಾಸಿಟಿವ್ ಇಟ್ಟರೆ ಹೊರ ಅಂಚು ಬೇಗ ಸವೆಯುತ್ತದೆ, ತಿರುವಿನಲ್ಲಿ ಹಿಡಿತವೂ ತಗ್ಗುತ್ತದೆ. ರೇಡಿಯಲ್ ಹಾಕಿದ ಹೆರಾಲ್ಡ್‌ಗೆ ನಾನು ಆರಿಸುವುದು ಅರ್ಧದಿಂದ 1 ಡಿಗ್ರಿ ಪಾಸಿಟಿವ್. ರ‍್ಯಾಲಿಗೆ ಸಿದ್ಧಪಡಿಸಿದ ಕಾರುಗಳನ್ನು ನೋಡಿ ನೆಗೆಟಿವ್‌ಗೆ ಹೋಗುವ ಆಸೆಯಾಗಬಹುದು. ಊರೊಳಗೆ ಮತ್ತು ಭಾನುವಾರದ ಹೆದ್ದಾರಿಯಲ್ಲಿ ಓಡುವ ಕಾರಿಗೆ ಅದರ ಅಗತ್ಯವಿಲ್ಲ.

ಹೆರಾಲ್ಡ್‌ನಲ್ಲಿ ಎರಡೂ ಬ್ರಾಕೆಟ್‌ಗಳಿಗೆ ಸಮವಾಗಿ ಶಿಮ್ ಸೇರಿಸಿದರೆ ಕೆಳ ಆರ್ಮ್ ಹೊರಕ್ಕೆ ಸರಿದು ಪಾಸಿಟಿವ್ ಕ್ಯಾಂಬರ್ ಕಡಿಮೆಯಾಗುತ್ತದೆ. ಎಷ್ಟು ದಪ್ಪ ಬೇಕೆಂದು ಅಂದಾಜಿಸಲು ಮೇಲಿನ ಮತ್ತು ಕೆಳಗಿನ ಜಾಯಿಂಟ್‌ಗಳ ನಡುವಿನ ಅಂತರವನ್ನು ಅಳೆದು 0.0175ರಿಂದ ಗುಣಿಸಿ: ಆ ಅಂತರ 220 ಮಿ.ಮೀ. ಇದ್ದರೆ 1 ಡಿಗ್ರಿಗೆ ಸುಮಾರು 3.8 ಮಿ.ಮೀ. ದಪ್ಪ ಬೇಕಾಗುತ್ತದೆ. ಅಂಬಾಸಿಡರ್ ಮತ್ತು ಮೈನರ್‌ಗಳಲ್ಲಿ ಕ್ಯಾಂಬರ್ ಹೊಂದಿಸುವ ಏರ್ಪಾಡೇ ಇಲ್ಲ. ಎಡಬಲಗಳಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಏನೋ ಸವೆದಿದೆ ಅಥವಾ ಬಗ್ಗಿದೆ ಎಂದು ತಿಳಿದು ಆ ಭಾಗವನ್ನೇ ಹುಡುಕಬೇಕು. ಬಗ್ಗಿದ ಆರ್ಮ್ ಅನ್ನು ಗ್ಯಾಸಿನಿಂದ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಅಂಥವರಿಂದ ದೂರವಿರಿ, ಕಾದ ಉಕ್ಕಿನ ಗಟ್ಟಿತನ ಮೊದಲಿನಂತೆ ಉಳಿಯುವುದಿಲ್ಲ.

ಅಳತೆಗೆ ತೂಕದ ಗುಂಡು ಸಾಕು. ದಾರವನ್ನು ಚಕ್ರದ ಹೊರಮೈಯ ಎದುರಿಗೆ ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಇರುವ ಅಂತರವನ್ನು ಅಳೆಯಿರಿ. ರಿಮ್ಮಿನ ಅಂಚಿನ ವ್ಯಾಸ 400 ಮಿ.ಮೀ. ಆಗಿದ್ದರೆ 7 ಮಿ.ಮೀ. ವ್ಯತ್ಯಾಸವೆಂದರೆ 1 ಡಿಗ್ರಿ.

ಟೋ

ಕ್ಯಾಸ್ಟರ್, ಕ್ಯಾಂಬರ್ ಯಾವುದನ್ನು ಮುಟ್ಟಿದರೂ ಟೋ ಬದಲಾಗುತ್ತದೆ, ಆದ್ದರಿಂದ ಇದು ಯಾವಾಗಲೂ ಕೊನೆಯದು. ಎರಡು ಮುಂಚಕ್ರಗಳ ಮುಂದಿನ ಅಂಚುಗಳು ಹಿಂದಿನ ಅಂಚುಗಳಿಗಿಂತ ಹತ್ತಿರವಿದ್ದರೆ ಟೋ-ಇನ್, ದೂರವಿದ್ದರೆ ಟೋ-ಔಟ್. ಹಿಂಚಕ್ರ ಎಳೆತದ ಕಾರು ಓಡುವಾಗ ನೆಲದ ಪ್ರತಿರೋಧ ಮುಂಚಕ್ರಗಳನ್ನು ಹಿಂದಕ್ಕೆ ತಳ್ಳುತ್ತದೆ, ಬುಷ್‌ಗಳು ಬಗ್ಗುತ್ತವೆ, ಚಕ್ರಗಳು ಸ್ವಲ್ಪ ಹೊರಕ್ಕೆ ತೆರೆದುಕೊಳ್ಳುತ್ತವೆ. ಓಡುವಾಗ ಅವು ನೇರವಾಗಿರಲೆಂದು ನಿಂತಾಗ ಸ್ವಲ್ಪ ಟೋ-ಇನ್ ಕೊಡಲಾಗುತ್ತದೆ: ಮೈನರ್‌ಗೆ 2.4 ಮಿ.ಮೀ., ಎಂಜಿಬಿಗೆ 1.5ರಿಂದ 2.3 ಮಿ.ಮೀ. ಮುಂಚಕ್ರ ಎಳೆತದ ಮಿನಿಯಲ್ಲಿ ಚಕ್ರಗಳೇ ಮುಂದಕ್ಕೆ ಎಳೆಯುವುದರಿಂದ ಲೆಕ್ಕ ತಿರುಗಿ, 1.6 ಮಿ.ಮೀ. ಟೋ-ಔಟ್ ಕೊಡುತ್ತಾರೆ.

ಈ ಕಾರಣವನ್ನು ತಿಳಿದರೆ ಆಯ್ಕೆ ಸುಲಭ. ರೇಡಿಯಲ್ ಟೈರಿನ ಉರುಳು ಪ್ರತಿರೋಧ ಕಡಿಮೆ. ರಬ್ಬರ್ ಬುಷ್‌ಗಳ ಬದಲು ಪಾಲಿಯುರಿಥೇನ್ ಹಾಕಿದ್ದರೆ ಬಗ್ಗುವಿಕೆಯೂ ಕಡಿಮೆ. ಎರಡೂ ಇರುವ ಕಾರಿಗೆ ಕೈಪಿಡಿಯ ಅಂಕಿಯ ಅರ್ಧದಷ್ಟು, ಅಂದರೆ 1ರಿಂದ 1.5 ಮಿ.ಮೀ. ಟೋ-ಇನ್ನಿನಿಂದ ಆರಂಭಿಸುವುದು ನನ್ನ ಆಯ್ಕೆ. ಅಂಬಾಸಿಡರ್‌ಗೆ ಇಂದಿಗೂ 5.90-15 ಕ್ರಾಸ್‌ಪ್ಲೈ ಟೈರು, ರಬ್ಬರ್ ಬುಷ್ ಉಳಿಸಿಕೊಂಡವರು ಕೈಪಿಡಿಯ ಅಂಕಿಯನ್ನೇ ಪಾಲಿಸಲಿ. ಸೊನ್ನೆಗೆ ಅಥವಾ ಟೋ-ಔಟ್‌ಗೆ ಹೋದರೆ ಸ್ಟೇರಿಂಗ್ ಚುರುಕೆನಿಸಿದರೂ ಹೆದ್ದಾರಿಯಲ್ಲಿ ಕಾರು ನಿಲ್ಲದೆ ಅಲೆಯುತ್ತದೆ.

ಅಂಗಡಿಯ ಯಂತ್ರ ಟೋವನ್ನು ಡಿಗ್ರಿಯಲ್ಲಿ ತೋರಿಸುತ್ತದೆ, ಹಳೆಯ ಪುಸ್ತಕ ಇಂಚಿನಲ್ಲೋ ಮಿಲಿಮೀಟರಿನಲ್ಲೋ ಹೇಳುತ್ತದೆ. ಮಿ.ಮೀ. ಅಂಕಿಯನ್ನು 57.3ರಿಂದ ಗುಣಿಸಿ ರಿಮ್ ಅಂಚಿನ ವ್ಯಾಸದಿಂದ ಭಾಗಿಸಿದರೆ ಒಟ್ಟು ಟೋ ಡಿಗ್ರಿಯಲ್ಲಿ ಸಿಗುತ್ತದೆ. 400 ಮಿ.ಮೀ. ವ್ಯಾಸದ ಮೇಲೆ 2.4 ಮಿ.ಮೀ. ಎಂದರೆ 0.34 ಡಿಗ್ರಿ, ಪ್ರತಿ ಚಕ್ರಕ್ಕೆ ಅದರ ಅರ್ಧ. ಯಂತ್ರ ತೋರಿಸುತ್ತಿರುವುದು ಒಟ್ಟು ಟೋವನ್ನೋ ಒಂದು ಚಕ್ರದ್ದನ್ನೋ ಎಂದು ಕೇಳಿ ಖಚಿತಪಡಿಸಿಕೊಳ್ಳದಿದ್ದರೆ ಅಳತೆ ದುಪ್ಪಟ್ಟಾಗುವ ಸಂಭವವಿದೆ.

ಮನೆಯಲ್ಲಿ ಅಳೆಯುವವರು ರಿಮ್ಮಿನ ಹಿಂದಿನ ಅಂಚಿನಲ್ಲಿ, ಹಬ್‌ನ ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಎರಡು ಚಕ್ರಗಳ ನಡುವಿನ ಅಂತರ ಅಳೆದು, ಕಾರನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದಕ್ಕೆ ಉರುಳಿಸಿ, ಅದೇ ಗುರುತುಗಳು ಮುಂದೆ ಬಂದಾಗ ಮತ್ತೆ ಅಳೆಯಬೇಕು. ಹೀಗೆ ಮಾಡಿದರೆ ರಿಮ್ಮಿನ ಡೊಂಕು ಲೆಕ್ಕದಿಂದ ಹೊರಗುಳಿಯುತ್ತದೆ. ಉರುಳಿಸುವುದು ಮುಂದಕ್ಕೇ ಆಗಿರಬೇಕು. ಹಿಂದಕ್ಕೆ ಉರುಳಿಸಿದರೆ ಬುಷ್‌ಗಳು ಎದುರು ದಿಕ್ಕಿಗೆ ಬಗ್ಗಿ ಅಂಕಿ ತಪ್ಪುತ್ತದೆ.

ಹೊಂದಿಸುವಾಗ ಸ್ಟೇರಿಂಗ್ ಅನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸುತ್ತುಗಳನ್ನು ಎಣಿಸಿ, ಸರಿಯಾಗಿ ನಡುವಿಗೆ ತಂದು ನಿಲ್ಲಿಸಿ. ನಂತರ ಎರಡೂ ಟೈ ರಾಡ್‌ಗಳನ್ನು ಸಮವಾಗಿ ತಿರುಗಿಸಿ. ಒಂದೇ ಕಡೆ ತಿರುಗಿಸಿ ಟೋ ಸರಿಪಡಿಸಿ, ಆಮೇಲೆ ವಕ್ರವಾದ ಸ್ಟೇರಿಂಗ್ ವೀಲನ್ನು ಬಿಚ್ಚಿ ನೇರ ಕೂರಿಸುವುದು ಅಂಗಡಿಗಳ ಒಂದು ಚಾಳಿ. ರ‍್ಯಾಕ್ (ಸ್ಟೇರಿಂಗಿನ ಹಲ್ಲುಪಟ್ಟಿ) ಇರುವ ಹೆರಾಲ್ಡ್, ಮೈನರ್‌ಗಳಲ್ಲಿ ಇದರಿಂದ ಎಡಬಲ ತಿರುವುಗಳು ಅಸಮವಾಗುತ್ತವೆ. ಸ್ಟೇರಿಂಗ್ ಬಾಕ್ಸ್ ಇರುವ ಪದ್ಮಿನಿಯಂಥ ಕಾರಿನಲ್ಲಿ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಬಾಕ್ಸಿನ ಪ್ಲೇ ಕನಿಷ್ಠವಾಗಿರುವುದು ಅದರ ನಟ್ಟನಡುವೆ ಮಾತ್ರ.

ಲಾಕ್ ನಟ್‌ಗಳನ್ನು ಬಿಗಿಮಾಡಿದ ಮೇಲೆ ಟೋವನ್ನು ಮತ್ತೊಮ್ಮೆ ಅಳೆಯಿರಿ, ಬಿಗಿಮಾಡುವಾಗಲೇ ರಾಡ್ ಸ್ವಲ್ಪ ತಿರುಗಿರುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಮುಂದಿನ ಟೈರುಗಳ ಮೇಲೆ ಅಡ್ಡಡ್ಡ ಅಂಗೈ ಆಡಿಸಿ ನೋಡಿ. ಒಳಗಿನಿಂದ ಹೊರಕ್ಕೆ ಸವರಿದಾಗ ಒರಟಾಗಿ, ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿ ಎರಡೂ ಚಕ್ರಗಳಲ್ಲಿ ತೋರಿದರೆ ಟೋ-ಇನ್ ಹೆಚ್ಚಾಗಿದೆ, ಅರ್ಧ ಮಿಲಿಮೀಟರ್ ಇಳಿಸಿ. ತಿರುವುಮುರುವಾಗಿದ್ದರೆ ಅಷ್ಟೇ ಏರಿಸಿ.