ಹೃದಯ ಕಸಿ: ನಮ್ಮದು ಎಷ್ಟನೇ ನಂಬರು?

ಹೃದಯ ಕಸಿಗೆ ಹೆಸರು ಬರೆಸಿದ ಮನೆಯವರು ಮೊದಲು ಕೇಳುವುದು ಇದನ್ನೇ. ಆಸ್ಪತ್ರೆಯ ಕಸಿ ಸಂಯೋಜಕರು ನೇರ ಉತ್ತರ ಕೊಡದಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ಇದು ನ್ಯಾಯಬೆಲೆ ಅಂಗಡಿಯ ಸಾಲಲ್ಲ. ಒಂದೊಂದು ಹೃದಯ ಸಿಕ್ಕಾಗಲೂ ಆ ಹೃದಯಕ್ಕೆ ಯಾರು ಹೊಂದುತ್ತಾರೆ ಎಂದು ಹೊಸದಾಗಿ ನೋಡುತ್ತಾರೆ. ವರ್ಷದಿಂದ ಕಾದವರನ್ನು ಬಿಟ್ಟು ಹೋದ ವಾರ ಸೇರಿದವರಿಗೆ ಸಿಕ್ಕರೂ ಅದರಲ್ಲಿ ಮೋಸ ಇರಲೇಬೇಕೆಂದಿಲ್ಲ.

ಉತ್ತರ ಕನ್ನಡದಲ್ಲಿ ಹೃದಯ ಕಸಿ ಮಾಡುವ ಆಸ್ಪತ್ರೆಯೇ ಇಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ ಎದೆಯ ದೊಡ್ಡ ತೊಂದರೆ ಎಂದಕೂಡಲೇ ಆಂಬುಲೆನ್ಸ್ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಹಾಗಾಗಿ ಕ್ರಮ ಮೊದಲೇ ಗೊತ್ತಿದ್ದರೆ ಅಲೆದಾಟ ಕಡಿಮೆ.

ಮೊದಲು ಪಟ್ಟಿಗೆ ಸೇರಬೇಕು

ಹೃದಯ ದುರ್ಬಲವಾಗಿದೆ ಎಂಬುದೊಂದೇ ಸಾಲದು. ಔಷಧ, ಸ್ಟೆಂಟ್, ಪೇಸ್‌ಮೇಕರ್ ಯಾವುದರಿಂದಲೂ ಇನ್ನು ಪ್ರಯೋಜನವಿಲ್ಲ ಎಂದಾದ ಮೇಲೇ ಕಸಿಯ ಮಾತು. ದೊಡ್ಡ ಶಸ್ತ್ರಚಿಕಿತ್ಸೆಯನ್ನೂ ಆಮೇಲೆ ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನೂ ದೇಹ ತಾಳಿಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಮೂತ್ರಪಿಂಡ, ಯಕೃತ್ತು, ಕ್ಯಾನ್ಸರ್, ಸೋಂಕು ಎಲ್ಲದರ ತಪಾಸಣೆ ಆಗುತ್ತದೆ. ಹಲ್ಲನ್ನೂ ಬಿಡುವುದಿಲ್ಲ, ವಸಡಿನ ಕೀವು ಆ ಮಾತ್ರೆಗಳ ಜೊತೆ ಅಪಾಯಕಾರಿ. ಶಿರಸಿ, ಸಿದ್ದಾಪುರ ಕಡೆಯವರಿಗೆ ಇಲ್ಲೊಂದು ಕಿವಿಮಾತು: ಕವಳಕ್ಕೆ ಹಾಕುವ ಹೊಗೆಸೊಪ್ಪೂ ತಂಬಾಕೇ. ‘ಬೀಡಿ ಸೇದುವುದಿಲ್ಲ’ ಎಂದು ವೈದ್ಯರಿಗೆ ಅರ್ಧ ಸತ್ಯ ಹೇಳಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಶ್ವಾಸಕೋಶದ ರಕ್ತನಾಳಗಳ ಒತ್ತಡದ್ದು. ರಕ್ತನಾಳದ ಮೂಲಕ ಸಣ್ಣ ನಳಿಗೆಯನ್ನು ಹೃದಯದ ಬಲಭಾಗಕ್ಕೆ ತೂರಿಸಿ ಅಳೆಯುತ್ತಾರೆ. ಬಹಳ ದಿನ ಸೋತ ಹೃದಯವಿದ್ದವರಲ್ಲಿ ಈ ಒತ್ತಡ ಏರಿರುತ್ತದೆ. ಅದು ಮಿತಿಮೀರಿದ್ದು ಔಷಧಕ್ಕೂ ಇಳಿಯದಿದ್ದರೆ, ಹೊಸ ಹೃದಯದ ಬಲಭಾಗ ಮೊದಲ ದಿನವೇ ಕೈಚೆಲ್ಲಬಹುದು. ಕಸಿಯ ಮಾತನ್ನು ತೀರಾ ತಡವಾಗಿ ಎತ್ತಬಾರದು ಎನ್ನುವುದು ಇದಕ್ಕೇ.

ನೋಂದಣಿ

ರೋಗಿ ತಾನೇ ಹೋಗಿ ಹೆಸರು ಬರೆಸಲಾಗದು. ಪರವಾನಗಿ ಇರುವ ಕಸಿ ಆಸ್ಪತ್ರೆಯೇ ಬರೆಸಬೇಕು. ಕರ್ನಾಟಕದಲ್ಲಿ ಪಟ್ಟಿ ಇರುವುದು ‘ಜೀವಸಾರ್ಥಕತೆ’ ಸಂಸ್ಥೆಯ ಬಳಿ, ದೇಶಮಟ್ಟದಲ್ಲಿ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯಾದ ‘ನೋಟೊ’ ಬಳಿ. ರೋಗಿಗೊಂದು ನೋಟೊ ಸಂಖ್ಯೆ ಸಿಗುತ್ತದೆ. ನೋಂದಣಿಗೆ ಆ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತನ್ನೂ ನೋಂದಣಿ ಶುಲ್ಕವನ್ನೂ ಕೈಬಿಡುವಂತೆ ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳಿಗೆ ಹೇಳಿದೆ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿದೆ, ದಾಖಲೆ ಮೊದಲೇ ಹೊಂದಿಸಿಡಿ.

ಕಾರವಾರದವರು ಗಮನಿಸಬೇಕಾದ್ದು: ಗೋವಾ ಕಾಳಿ ಸೇತುವೆಯ ಆಚೆಗೇ ಇದ್ದರೂ ಅಂಗಾಂಗ ಹಂಚಿಕೆಯಲ್ಲಿ ಅದು ಮುಂಬೈ ಪ್ರಾದೇಶಿಕ ಕೇಂದ್ರಕ್ಕೆ ಸೇರಿದೆ, ಕರ್ನಾಟಕ ಚೆನ್ನೈ ಕೇಂದ್ರಕ್ಕೆ. ಎಲ್ಲಿ ಹತ್ತಿರ ಎಂಬುದರ ಜೊತೆಗೆ ಯಾವ ಪಟ್ಟಿಗೆ ಸೇರುತ್ತೇವೆ ಎಂದೂ ಕೇಳಿ ನಿರ್ಧರಿಸಿ.

ಒಂದು ಹೃದಯ ಸಿಕ್ಕಾಗ

ದಾನಿಯ ಮಿದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ದಾನಿಯ ಮನೆಯವರು ಒಪ್ಪಬೇಕು. ಆಮೇಲೆ ಜರಡಿ ಶುರು.

ಮೊದಲು ರಕ್ತದ ಗುಂಪು. ‘ಒ’ ಗುಂಪಿನ ಹೃದಯ ಯಾರಿಗೂ ಆದೀತು, ಆದರೆ ‘ಒ’ ಗುಂಪಿನ ರೋಗಿಗೆ ‘ಒ’ ಹೃದಯವೇ ಬೇಕು. ಅದೇ ಗುಂಪಿನವರಿಗೆ ಮೊದಲ ಅವಕಾಶ ಎಂಬ ನಿಯಮ ಇಲ್ಲದಿದ್ದರೆ ಅವರು ಕಾಯುತ್ತಲೇ ಇರಬೇಕಿತ್ತು.

ಆಮೇಲೆ ಗಾತ್ರ. ತೂಕದಲ್ಲಿ ಸುಮಾರು ಶೇ 30ರೊಳಗಿನ ವ್ಯತ್ಯಾಸ ನಡೆಯುತ್ತದೆ. 45 ಕಿಲೊ ತೂಕದ ಹೆಂಗಸಿನ ಹೃದಯ 85 ಕಿಲೊ ಗಂಡಸಿನ ಮೈಗೆ ರಕ್ತ ದೂಡಲಾರದು. ಇನ್ನು ರೋಗಿಯ ರಕ್ತದಲ್ಲಿನ ಪ್ರತಿಕಾಯಗಳು, ಅಂದರೆ ಬೇರೆಯವರ ಅಂಗವನ್ನು ವಿರೋಧಿಸುವ ಅಂಶಗಳು. ಹಿಂದೆ ರಕ್ತ ಪಡೆದವರಲ್ಲಿ, ಹೆತ್ತ ತಾಯಂದಿರಲ್ಲಿ ಇವು ಹೆಚ್ಚಿರಬಹುದು, ಆಗ ಹೊಂದುವ ಹೃದಯ ಸಿಗುವುದು ಕಷ್ಟ. ಕಸಿ ಪಡೆಯುವವರಲ್ಲಿ ಹೆಂಗಸರು ಮೊದಲೇ ಕಡಿಮೆ. ಮಹಿಳೆಯರಿಗೂ ಅಂಗದಾನ ಮಾಡಿದವರ ಹತ್ತಿರದ ಸಂಬಂಧಿಗಳಿಗೂ ಆದ್ಯತೆ ಕೊಡುವಂತೆ ನೋಟೊ 2025ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದ್ದು ತಡವಾಗಿಯಾದರೂ ಸರಿಯಾದ ಹೆಜ್ಜೆ.

ಹೊಂದುವವರಲ್ಲಿ ಮೊದಲು ಯಾರು ಎಂಬುದನ್ನು ತುರ್ತು ಹೇಳುತ್ತದೆ. ಹೃದಯ, ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಎಕ್ಮೊದಂಥ ಯಂತ್ರದ ಮೇಲೆ ಜೀವ ಹಿಡಿದವರು ಎಲ್ಲರಿಗಿಂತ ಮುಂದೆ. ಹೃದಯಕ್ಕೆ ಬಲ ಕೊಡುವ ಔಷಧ ನಿರಂತರ ಡ್ರಿಪ್‌ನಲ್ಲಿ ಹೋಗುತ್ತಿರುವವರು ಅವರ ಹಿಂದೆ. ಮಾತ್ರೆ ನುಂಗುತ್ತ ಮನೆಯಲ್ಲಿರುವವರು ಕೊನೆಗೆ. ಇಬ್ಬರ ಸ್ಥಿತಿ ಒಂದೇ ಆದಾಗ ಮಾತ್ರ ನೋಂದಣಿಯ ದಿನಾಂಕಕ್ಕೆ ಬೆಲೆ. ರೋಗಿಯ ಸ್ಥಿತಿ ಬದಲಾದರೆ ಆದ್ಯತೆಯೂ ಏರಿಳಿಯುತ್ತದೆ. ಜ್ವರ, ಸೋಂಕು ಬಂದರೆ ಹೆಸರನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತಾರೆ. ವಾಸಿಯಾದದ್ದು ಪಟ್ಟಿಯಲ್ಲಿ ದಾಖಲಾಯಿತೇ ಎಂದು ಬೆನ್ನುಬಿದ್ದು ಕೇಳಬೇಕಾದವರು ಮನೆಯವರೇ.

ಇದೆಲ್ಲದರ ಮೇಲೆ ಗಡಿಯಾರ. ದೇಹದಿಂದ ತೆಗೆದ ಹೃದಯ ಸುಮಾರು 4 ಗಂಟೆಯೊಳಗೆ ಮತ್ತೆ ಬಡಿಯಬೇಕು, ಮೂತ್ರಪಿಂಡದಂತೆ ಕಾಯುವುದಿಲ್ಲ. ಹಾಗಾಗಿ ಹತ್ತಿರದ ಆಸ್ಪತ್ರೆಯ ರೋಗಿಗೆ ಅನುಕೂಲ. ಇಲ್ಲಿ ದೂರ ಎಂದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ, ನಿಮ್ಮ ಊರಿಗಲ್ಲ. ಯಲ್ಲಾಪುರದವರು, ಜೋಯಿಡಾದವರು ಎಂದು ಯಾರೂ ಕೆಳಗಿಳಿಯುವುದಿಲ್ಲ. ರಾಜ್ಯದಲ್ಲಿ ಹೊಂದುವವರು ಇಲ್ಲದಿದ್ದರೆ ಪ್ರಾದೇಶಿಕ ಪಟ್ಟಿ, ಆಮೇಲೆ ದೇಶದ ಪಟ್ಟಿ.

ಹಣ ಕೊಟ್ಟರೆ ಬೇಗ ಕೊಡಿಸುತ್ತೇವೆ ಎಂದವರನ್ನು ಬಾಗಿಲಲ್ಲೇ ನಿಲ್ಲಿಸಿ. ಅಂಗಾಂಗ ವ್ಯಾಪಾರಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ ಇದೆ.

ಕರೆ ಬಂದರೆ

ಕರೆ ಹೊತ್ತುಗೊತ್ತು ನೋಡಿ ಬರುವುದಿಲ್ಲ. ಘಟ್ಟದ ಹಳ್ಳಿಗಳಲ್ಲಿ ಸಿಗ್ನಲ್ ನಂಬುವಂತಿಲ್ಲ, ಆದ್ದರಿಂದ ಸಂಯೋಜಕರ ಬಳಿ ಎರಡು ಮೂರು ನಂಬರು, ಪೇಟೆಯ ನೆಂಟರದ್ದೊಂದು ಸೇರಿಸಿ, ಬರೆಸಿಡಿ. ಎಷ್ಟು ಗಂಟೆಯೊಳಗೆ ತಲುಪಬೇಕು ಎಂದು ನೋಂದಣಿಯ ದಿನವೇ ಕೇಳಿ. ಬೆಂಗಳೂರಿನಲ್ಲಿ ಹೆಸರಿದ್ದರೆ ರಾತ್ರಿಯ ಪಂಚಗಂಗಾ ರೈಲಿಗೆ ಕಾಯುವಷ್ಟು ಪುರುಸೊತ್ತು ಇರುವುದಿಲ್ಲ. ಮಳೆಗಾಲದಲ್ಲಂತೂ ದಾರಿಯನ್ನೇ ನಂಬುವಂತಿಲ್ಲ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ-66 ಹಲವು ದಿನ ಬಂದ್ ಆಗಿತ್ತು. ತುರ್ತು ಹೆಚ್ಚಿರುವವರು ಆಷಾಢ, ಶ್ರಾವಣದಲ್ಲಾದರೂ ಆಸ್ಪತ್ರೆಯ ಹತ್ತಿರ ಕೋಣೆ ಹಿಡಿಯುವುದು ಒಳ್ಳೆಯದು.

ಕರೆ ಬಂದಮೇಲೆ ಏನೂ ತಿನ್ನಬಾರದು, ನೀರನ್ನೂ ಕೇಳಿಯೇ ಕುಡಿಯಬೇಕು. ಓಡಿಹೋದ ಮೇಲೆ ‘ಆ ಹೃದಯ ಸರಿಯಿಲ್ಲ’ ಎಂದು ವಾಪಸ್ ಕಳಿಸುವುದೂ ಉಂಟು, ದಾನಿಯ ಎದೆ ತೆರೆದು ನೋಡುವವರೆಗೆ ಎಷ್ಟೋ ದೋಷ ಕಾಣುವುದಿಲ್ಲ. ಹಾಗೆ ಮರಳಿದವರ ಆದ್ಯತೆ ಕಡಿಮೆಯಾಗುವುದಿಲ್ಲ. ಹೋಗಿಬಂದ ಕಾರಿನ ಬಾಡಿಗೆ ಮಾತ್ರ ಕೈಯಿಂದಲೇ.