ಎಲೆ ಹಳದಿಯಾದರೆ, ಮೊದಲು ಯಾವ ಎಲೆ ಅಂತ ನೋಡಿ

ಮನೆಯೊಳಗೆ ನೀರಲ್ಲೇ ಪಾಲಕ್, ಲೆಟ್ಯೂಸ್ ಬೆಳೆಸುತ್ತಿರುವವರಿಗೆ ಒಂದು ಮಾತು. ಎಲೆ ಹಳದಿಯಾದ ಕೂಡಲೇ ಸುಮ್ನೆ ಗೊಬ್ಬರದ ದ್ರಾವಣ ಜಾಸ್ತಿ ಹಾಕಬೇಡಿ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕ ಕಮ್ಮಿ. ಮೇಲಿನ ಎಳೇ ಎಲೆ ಬಿಳಿಚಿ, ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಆಗ ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ನೋಡಿ, 5.5ರಿಂದ 6.5ರೊಳಗೆ ಇರಬೇಕು. ಅದಕ್ಕಿಂತ ತುಂಬಾ ಮೇಲೇರಿದರೆ ತೊಟ್ಟಿಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದ ತೊಂದರೆಯೇ ಬೇರೆ. ಹೋದ ಆಷಾಢದಲ್ಲಿ ನನ್ನ ಲೆಟ್ಯೂಸಿನ ಒಳಗಿನ ಎಳೇ ಎಲೆಗಳ ಅಂಚು ಕಂದಾಗಿ ಸುಟ್ಟಂತಾಯಿತು. ಕ್ಯಾಲ್ಸಿಯಂ ಸೇರಿಸಿದೆ, ಸರಿಹೋಗಲಿಲ್ಲ. ಕಿಟಕಿ ಮುಚ್ಚಿದ ಕೋಣೆ, ಗೋಡೆಯೇ ಬೆವರುವಷ್ಟು ತೇವ. ಗಾಳಿ ಆಡದಿದ್ದರೆ ಎಲೆಯಿಂದ ನೀರು ಆರುವುದಿಲ್ಲ, ಆರದಿದ್ದರೆ ಕ್ಯಾಲ್ಸಿಯಂ ಎಳೇ ಎಲೆಯವರೆಗೆ ಏರುವುದಿಲ್ಲ ಅಲ್ವಾ? ಸಣ್ಣ ಟೇಬಲ್ ಫ್ಯಾನ್ ಇಟ್ಟೆ. ಸುಟ್ಟ ಅಂಚು ಹಾಗೇ ಉಳಿಯಿತು, ಆದರೆ ಆಮೇಲೆ ಬಂದ ಎಲೆಗಳು ಚೊಕ್ಕವಾಗಿದ್ದವು.

ನೀರಿದ್ದೂ ಗಿಡ ಬಾಡಿದರೆ ಗಿಡ ಕೂರಿಸಿದ ಬುಟ್ಟಿ ಎತ್ತಿ ಬೇರು ನೋಡಿ. ಬೆಳ್ಳಗಿದ್ದರೆ ಒಳ್ಳೇದು. ಕಂದಾಗಿ, ಲೋಳೆಯಾಗಿ, ಕೊಳೆತ ವಾಸನೆ ಬಂದರೆ ತೊಟ್ಟಿ ತೊಳೆದು ಹೊಸ ನೀರು ತುಂಬಿ. ನೀರಿಗೆ ಗಾಳಿ ಊದುವ ಏರ್ ಪಂಪ್ ಓಡುತ್ತಿದೆಯಾ ಅಂತಲೂ ನೋಡಿ, ಕರೆಂಟ್ ಹೋದ ರಾತ್ರಿ ಅದು ನಿಂತಿರುತ್ತದೆ.